ಆಮೆಗಳ ಊರಿನಲ್ಲಿ ತಂಗುವವರಿಗೆ: ಟ್ರಿನಿಡಾಡ್‌ನ ಗ್ರಾಂಡ್ ರಿವಿಯೇರ್

ಕೆರಿಬಿಯನ್ ಎಂದರೆ ನೀಲಿ ನೀರು, ಬಿಳಿ ಮರಳು, ಒರಗಿ ಮಲಗಲು ಕುರ್ಚಿ ಎಂದುಕೊಂಡವರು ಗ್ರಾಂಡ್ ರಿವಿಯೇರ್‌ಗೆ ಹೋಗಬೇಡಿ. ಟ್ರಿನಿಡಾಡ್ ದ್ವೀಪದ ಉತ್ತರ ಕರಾವಳಿಯಲ್ಲಿ, ರಸ್ತೆ ಇನ್ನೇನು ಮುಗಿಯಿತು ಎನ್ನುವಲ್ಲಿ, ಕಾಡುಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಕೂತಿರುವ ಕೆಲವು ನೂರು ಜನರ ಹಳ್ಳಿ ಅದು. ಮರಳು ಕಂದು ಬಣ್ಣದ್ದು, ಅಲೆ ಒರಟು, ಕಡಲತೀರದ ಉದ್ದ ಒಂದು ಕಿಲೋಮೀಟರ್ ಕೂಡ ಇಲ್ಲ. ಆದರೆ ಜಗತ್ತಿನ ಅತಿ ದೊಡ್ಡ ಕಡಲಾಮೆಯಾದ ಲೆದರ್‌ಬ್ಯಾಕ್ ಇಷ್ಟು ದಟ್ಟವಾಗಿ ಮೊಟ್ಟೆಯಿಡಲು ಬರುವ ತೀರಗಳು ಭೂಮಿಯ ಮೇಲೆ ಬಹಳ ಕಡಿಮೆ. ಋತುವಿನ ಉತ್ತುಂಗದಲ್ಲಿ ಒಂದೇ ರಾತ್ರಿ ನೂರಾರು ಆಮೆಗಳು ಈ ತುಂಡು ಮರಳಿಗೆ ಹತ್ತಿ ಬರುತ್ತವೆ. ಮರಳಿನ ಅಂಚಿನಲ್ಲೇ ನಾಲ್ಕಾರು ಸಣ್ಣ ಹೋಟೆಲುಗಳು, ಅತಿಥಿಗೃಹಗಳು ಇವೆ. ಅಲ್ಲಿ ಉಳಿದುಕೊಳ್ಳುವವರು ದಿನಚರಿಯನ್ನು ಆಮೆಯ ಸಮಯಕ್ಕೆ ಹೊಂದಿಸಿಕೊಳ್ಳಬೇಕು. ಯಾವ ತಿಂಗಳು ಹೋಗಬೇಕು, ಯಾವ ಕೋಣೆ ಕೇಳಬೇಕು, ಯಾವಾಗ ನಿದ್ದೆ ಮಾಡಬೇಕು ಎಂಬುದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ

ಆಮೆಗಳ ಋತು ಮಾರ್ಚ್ 1ರಿಂದ ಆಗಸ್ಟ್ 31. ಮೇ, ಜೂನ್ ತಿಂಗಳಲ್ಲಿ ಅವು ಅತಿ ಹೆಚ್ಚು. ಇಟ್ಟ ಮೊಟ್ಟೆ ಒಡೆಯಲು ಸುಮಾರು 60 ದಿನ ಬೇಕು. ಹೀಗಾಗಿ ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಹೋದರೆ ರಾತ್ರಿ ಮೊಟ್ಟೆಯಿಡುವ ತಾಯಂದಿರನ್ನೂ ಸಮುದ್ರದ ಕಡೆಗೆ ಓಡುವ ಮರಿಗಳನ್ನೂ ಒಂದೇ ಪ್ರವಾಸದಲ್ಲಿ ನೋಡಬಹುದು. ಟ್ರಿನಿಡಾಡ್‌ನಲ್ಲಿ ಒಣ ಹವೆ ಜನವರಿಯಿಂದ ಮೇವರೆಗೆ, ಮಳೆ ಜೂನ್‌ನಿಂದ ಡಿಸೆಂಬರ್‌ವರೆಗೆ. ಜೂನ್‌ನಲ್ಲಿ ಹೋಗುವವರು ನೆನೆಯಲು ಸಿದ್ಧರಿರಬೇಕು. ಕರಾವಳಿ ಮತ್ತು ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಾರದ ದಿನಗಳನ್ನೇ ಆರಿಸಿಕೊಳ್ಳಿ. ಶನಿವಾರ, ಭಾನುವಾರ ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಕಡೆಯಿಂದ ಕುಟುಂಬಗಳು ಬಸ್ಸು ಮಾಡಿಕೊಂಡು ಬರುತ್ತವೆ. ಮೇ 30ರ ಭಾರತೀಯರ ಆಗಮನ ದಿನ, ಜೂನ್ 19ರ ಕಾರ್ಮಿಕರ ದಿನ, ಅದೇ ಆಸುಪಾಸಿನಲ್ಲಿ ಬರುವ ಕಾರ್ಪಸ್ ಕ್ರಿಸ್ಟಿ ಎಂಬ ಕ್ರೈಸ್ತ ಹಬ್ಬ ಇವೆಲ್ಲ ಸಾರ್ವಜನಿಕ ರಜೆಗಳು. ಆಗ ಕೋಣೆಯೂ ಸಿಗದು, ಮರಳಿನ ಮೇಲೆ ನೆಮ್ಮದಿಯೂ ಸಿಗದು. ಕನಿಷ್ಠ ಮೂರು ರಾತ್ರಿ ಇರಿ. ಒಂದು ರಾತ್ರಿ ಮಳೆ ಸುರಿಯಬಹುದು, ಇನ್ನೊಂದು ರಾತ್ರಿ ನಿಮಗೇ ಎಚ್ಚರವಾಗದಿರಬಹುದು.

ಕಾಗದಪತ್ರ: ವೀಸಾಕ್ಕಿಂತ ಚುಚ್ಚುಮದ್ದು ಮುಖ್ಯ

ಭಾರತೀಯ ಪಾಸ್‌ಪೋರ್ಟ್ ಇರುವ ಪ್ರವಾಸಿಗಳಿಗೆ ಟ್ರಿನಿಡಾಡ್ ಮತ್ತು ಟೊಬೇಗೊ 90 ದಿನಗಳವರೆಗೆ ವೀಸಾ ಕೇಳುವುದಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ಕೊಳ್ಳುವ ದಿನ ಇನ್ನೊಮ್ಮೆ ನೋಡಿಕೊಳ್ಳಿ. ತೊಡಕು ಇರುವುದು ದಾರಿಯಲ್ಲಿ. ಭಾರತದಿಂದ ನೇರ ವಿಮಾನವಿಲ್ಲ. ನ್ಯೂಯಾರ್ಕ್ ಅಥವಾ ಮಯಾಮಿ ಮೂಲಕ ಹೋಗುವುದಾದರೆ ಬರೀ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು. ಯುರೋಪಿನ ದಾರಿ ಹಿಡಿದರೆ ಆಯಾ ದೇಶದ ಟ್ರಾನ್ಸಿಟ್ ನಿಯಮವನ್ನು ಮೊದಲೇ ವಿಚಾರಿಸಿ. ನ್ಯೂಜೆರ್ಸಿ, ಟೊರಾಂಟೊ ಕಡೆಯ ಕನ್ನಡಿಗರಿಗೆ ಈ ತಲೆನೋವಿಲ್ಲ. ನ್ಯೂಯಾರ್ಕಿನಿಂದ ನೇರ ವಿಮಾನ ಹತ್ತಿದರೆ ಐದು ಗಂಟೆಯ ಆಸುಪಾಸಿನಲ್ಲಿ ತಲುಪಬಹುದು.

ಮರೆಯಲೇಬಾರದ್ದು ಹಳದಿ ಜ್ವರದ ಲಸಿಕೆ. ಹಳದಿ ಜ್ವರದ ಅಪಾಯವಿರುವ ಪ್ರದೇಶಗಳ ಪಟ್ಟಿಯಲ್ಲಿ ಭಾರತ ಟ್ರಿನಿಡಾಡ್ ದ್ವೀಪವನ್ನು ಸೇರಿಸಿದೆ. ಅಲ್ಲಿಂದ ಹೊರಟು ಆರು ದಿನಗಳೊಳಗೆ ಭಾರತಕ್ಕೆ ಬಂದಿಳಿಯುವವರ ಕೈಯಲ್ಲಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಪ್ರತ್ಯೇಕವಾಸಕ್ಕೆ ಕಳುಹಿಸುತ್ತಾರೆ. ಚುಚ್ಚಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಆದ್ದರಿಂದ ಸರ್ಕಾರದ ಮಾನ್ಯತೆ ಪಡೆದ ಕೇಂದ್ರಕ್ಕೆ ಒಂದು ತಿಂಗಳ ಮೊದಲೇ ಪಾಸ್‌ಪೋರ್ಟ್ ಹಿಡಿದು ಹೋಗಿ. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು. ಅರುವತ್ತು ದಾಟಿದ ಅಪ್ಪ ಅಮ್ಮನನ್ನು ಕರೆದೊಯ್ಯುವವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಕೆಲವರಿಗೆ ಈ ಲಸಿಕೆ ಕೊಡುವುದಿಲ್ಲ.

ಪೆಟ್ಟಿಗೆ ಕಟ್ಟುವಾಗ ಒಂದು ಎಚ್ಚರಿಕೆ: ಸೈನಿಕರ ಸಮವಸ್ತ್ರದಂಥ ಹಸಿರು ಮಚ್ಚೆಯ ಪ್ಯಾಂಟು, ಟೋಪಿ, ಚೀಲ ಯಾವುದನ್ನೂ ಒಯ್ಯಬೇಡಿ. ಟ್ರಿನಿಡಾಡ್‌ನಲ್ಲಿ ಸಾಮಾನ್ಯ ಜನ ಅದನ್ನು ತೊಡುವುದು ಕಾನೂನಿಗೆ ವಿರುದ್ಧ. ಮಕ್ಕಳ ಬಟ್ಟೆಯನ್ನೂ ಒಮ್ಮೆ ನೋಡಿಕೊಳ್ಳಿ. ಅಲ್ಲಿನ ವಿದ್ಯುತ್ 115 ವೋಲ್ಟ್, ಸಾಕೆಟ್ ಅಮೆರಿಕದ ಚಪ್ಪಟೆ ಕಡ್ಡಿಯದು. ಮೊಬೈಲ್ ಚಾರ್ಜರಿಗೆ ಒಂದು ಅಡಾಪ್ಟರ್ ಸಾಕು. ನಮ್ಮ ಮನೆಯ ಬಿಸಿನೀರಿನ ಕೆಟಲ್ ಒಯ್ದರೆ ಕಾಫಿಗೆ ಕಾದು ಕಾದು ಬೇಸರವಾದೀತು.

ಕೋಣೆ ಕಾಯ್ದಿರಿಸುವ ಮುನ್ನ ಕೇಳಬೇಕಾದದ್ದು

ಇಂಥ ಊರಿನ ಹೋಟೆಲುಗಳನ್ನು ಚಿತ್ರ ನೋಡಿ ಆರಿಸಬಾರದು. ಫೋನ್ ಮಾಡಿ ಮಾತಾಡಿ ಆರಿಸಬೇಕು. ಅಲ್ಲಿನ ಸಮಯ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ನಮ್ಮ ಸಂಜೆ ಏಳೂವರೆಗೆ ಅವರಿಗೆ ಬೆಳಿಗ್ಗೆ ಹತ್ತು, ಮಾತಿಗೆ ಅದು ಒಳ್ಳೆಯ ಹೊತ್ತು.

ಮೊದಲ ಪ್ರಶ್ನೆ ದೀಪದ್ದು. ಋತುವಿನಲ್ಲಿ ಸಮುದ್ರದ ಕಡೆಯ ದೀಪಗಳನ್ನು ಆರಿಸುತ್ತೀರಾ ಅಥವಾ ಮರೆಮಾಡುತ್ತೀರಾ ಎಂದು ಕೇಳಿ. ಮರಿಗಳು ನೀರಿನ ಮೇಲಿನ ಬೆಳಕನ್ನು ನಂಬಿ ಓಡುತ್ತವೆ. ಹೋಟೆಲಿನ ಬಲ್ಬು ಅದಕ್ಕಿಂತ ಪ್ರಖರವಾಗಿದ್ದರೆ ಹಿಂದುಮುಂದಾಗಿ ಊಟದ ಮೇಜಿನ ಕೆಳಗೆ ಬಂದು ಸಾಯುತ್ತವೆ. ಈ ಪ್ರಶ್ನೆಗೆ ಥಟ್ಟನೆ ಉತ್ತರ ಬರುವ ಹೋಟೆಲು ಉಳಿದ ವಿಷಯಗಳಲ್ಲೂ ಸರಿಯಾಗಿರುತ್ತದೆ ಎಂಬುದು ನನ್ನ ನಂಬಿಕೆ.

ಆಮೇಲೆ ಕೋಣೆ. ಮರಳಿಗೆ ಮುಖ ಮಾಡಿದ ನೆಲಮಟ್ಟದ ಕೋಣೆಗೆ ಬೆಲೆ ಹೆಚ್ಚು. ರಾತ್ರಿಯಿಡೀ ಅಲೆಯ ಮೊರೆತ, ಜನರ ಪಿಸುಮಾತು, ಆಮೆ ಮರಳು ಎರಚುವ ಸದ್ದು ಕೇಳುತ್ತದೆ. ಅದು ಬೇಕೆಂದೇ ಬಂದವರು ಅದನ್ನೇ ತೆಗೆದುಕೊಳ್ಳಲಿ. ನಿದ್ದೆ ಹಗುರವಿರುವವರಿಗೆ ಹಿಂದಿನ ಸಾಲಿನ ಕೋಣೆಯೇ ಸುಖ, ಮರಳಿಗೆ ಹೇಗಿದ್ದರೂ ಎರಡು ನಿಮಿಷದ ನಡಿಗೆ. ಸೊಳ್ಳೆಪರದೆ ಇದೆಯೇ ಎಂದು ಕೇಳಿ, ಫ್ಯಾನು ಮಾತ್ರವೋ ಹವಾನಿಯಂತ್ರಣವೋ ಕೇಳಿ, ಕರೆಂಟ್ ಹೋದರೆ ಏನು ವ್ಯವಸ್ಥೆ ಎಂದು ಕೇಳಿ. ಹೇಳಿದ ಬಾಡಿಗೆಯಲ್ಲಿ ತೆರಿಗೆ ಮತ್ತು ಸೇವಾಶುಲ್ಕ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅವೆರಡನ್ನು ಪ್ರತ್ಯೇಕವಾಗಿ ಸೇರಿಸಿದರೆ ಬಿಲ್ಲು ಐದನೇ ಒಂದು ಭಾಗದಷ್ಟು ಹಿಗ್ಗಬಹುದು. ಬೆಳಗಿನ ತಿಂಡಿ, ರಾತ್ರಿಯ ಊಟ ಸೇರಿದೆಯೇ ಎಂದೂ ಕೇಳಿ. ಊರಿನಲ್ಲಿ ರಾತ್ರಿ ಹೊತ್ತು ಊಟ ಹುಡುಕಿಕೊಂಡು ಅಲೆಯುವಷ್ಟು ಅಂಗಡಿಗಳಿಲ್ಲ.

ದಾರಿ

ಪಿಯಾರ್ಕೊ ವಿಮಾನ ನಿಲ್ದಾಣದಿಂದ ಗ್ರಾಂಡ್ ರಿವಿಯೇರ್‌ಗೆ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ. ರಾತ್ರಿ ಇಳಿಯುವವರು ನಿಲ್ದಾಣದ ಹತ್ತಿರವೇ ಮಲಗಿ ಬೆಳಿಗ್ಗೆ ಹೊರಡಿ. ಟೋಕೊ ರಸ್ತೆ ಕಿರಿದು, ತಿರುವು ಜಾಸ್ತಿ, ಮಳೆಗಾಲದಲ್ಲಿ ಗುಡ್ಡ ಜರಿಯುತ್ತದೆ. ಟ್ರಿನಿಡಾಡ್‌ನಲ್ಲಿ ಅಪರಾಧದ ಪ್ರಮಾಣವೂ ಕಡಿಮೆಯೇನಿಲ್ಲ, ಇತ್ತೀಚಿನ ವರ್ಷಗಳಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದದ್ದೂ ಉಂಟು. ಪೋರ್ಟ್ ಆಫ್ ಸ್ಪೇನ್‌ನಲ್ಲಿರುವ ಭಾರತೀಯ ಹೈಕಮಿಷನ್‌ನ ಸೂಚನೆಗಳನ್ನು ಹೊರಡುವ ಮುನ್ನ ಓದಿಕೊಳ್ಳುವುದು ಜಾಣತನ.

ಸುಲಭದ ದಾರಿ ಹೋಟೆಲಿನವರಿಗೇ ಹೇಳಿ ಕಾರು ತರಿಸಿಕೊಳ್ಳುವುದು. ಸ್ವತಃ ಓಡಿಸುವವರಿಗೆ ಒಂದು ಅನುಕೂಲವಿದೆ, ಅಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರ. ಕಡಿಮೆ ಖರ್ಚಿನಲ್ಲಿ ಹೋಗಬೇಕೆಂದರೆ ಕೆಂಪು ಪಟ್ಟೆಯ ಮ್ಯಾಕ್ಸಿ ಟ್ಯಾಕ್ಸಿ (ಹಲವರು ಹಂಚಿಕೊಂಡು ಹೋಗುವ ಮಿನಿಬಸ್ಸು) ಹಿಡಿದು ಅರಿಮಾ, ಅಲ್ಲಿಂದ ಸಾಂಗ್ರೆ ಗ್ರಾಂಡೆ, ಅಲ್ಲಿಂದ ಟೋಕೊ ಮತ್ತು ಮಟೆಲೊ ಕಡೆಗೆ ಹೋಗುವ ವಾಹನ ಹತ್ತಬೇಕು. ಇಲ್ಲಿ ಒಂದು ಎಡವಟ್ಟು ಕಾದಿರುತ್ತದೆ: ಚಾಲಕರು ‘ಗ್ರಾಂಡೆ, ಗ್ರಾಂಡೆ’ ಎಂದು ಕೂಗುವುದು ಸಾಂಗ್ರೆ ಗ್ರಾಂಡೆ ಪಟ್ಟಣಕ್ಕೆ, ನಿಮ್ಮ ಹಳ್ಳಿಗಲ್ಲ. ಅಲ್ಲಿಂದ ಮುಂದಿನ ವಾಹನಗಳು ವಿರಳ, ಮಧ್ಯಾಹ್ನದೊಳಗೆ ಪಟ್ಟಣ ಸೇರಿಕೊಂಡಿರಿ.

ಸಾಂಗ್ರೆ ಗ್ರಾಂಡೆಯಲ್ಲಿ ಮೂರು ಕೆಲಸ ಮುಗಿಸಿ: ಎಟಿಎಂನಿಂದ ಟ್ರಿನಿಡಾಡ್ ಡಾಲರ್ ತೆಗೆಯುವುದು, ಔಷಧ ಮತ್ತು ಸೊಳ್ಳೆಯ ಮುಲಾಮು ಕೊಳ್ಳುವುದು, ಹೊಟ್ಟೆ ತುಂಬಿಸಿಕೊಳ್ಳುವುದು. ಹಳ್ಳಿಯಲ್ಲಿ ನಗದೇ ನಡೆಯುವುದು. ದೊಡ್ಡ ಆಸ್ಪತ್ರೆ ಇರುವುದೂ ಈ ಪಟ್ಟಣದಲ್ಲೇ ಎಂಬುದು ನೆನಪಿರಲಿ. ಬಾಡಿಗೆ ಕಾರಿನವರು ಪೆಟ್ರೋಲ್ ತುಂಬಿಸಿಕೊಂಡೇ ಮುಂದೆ ಹೋಗಿ.

ದಾರಿಯಲ್ಲಿ ಸಮಯವಿದ್ದರೆ ಟೋಕೊದ ಬಳಿ ಗಲೇರಾ ಪಾಯಿಂಟ್‌ನ ದೀಪಸ್ತಂಭದ ಹತ್ತಿರ ನಿಲ್ಲಿ. ಅಟ್ಲಾಂಟಿಕ್ ಮತ್ತು ಕೆರಿಬಿಯನ್ ನೀರು ಸೇರುವ ಮೂಲೆ ಅದು. ದೀಪಸ್ತಂಭಕ್ಕೆ ಈಗ ಕೆಶಾರ್ನ್ ವಾಲ್ಕಟ್ ಹೆಸರಿದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ ಚಿನ್ನ ಗೆದ್ದ, 2025ರಲ್ಲಿ ಟೋಕಿಯೊದಲ್ಲಿ ವಿಶ್ವ ಚಾಂಪಿಯನ್ ಆದ ಇವರು ಇದೇ ಟೋಕೊ ಊರಿನ ಹುಡುಗ. ನೀರಜ್ ಚೋಪ್ರಾ ಅವರ ಸ್ಪರ್ಧೆಗಳನ್ನು ನೋಡಿದವರಿಗೆ ಹೆಸರು ಹೊಸದಲ್ಲ. ಊರಿನವರ ಜೊತೆ ಮಾತಿಗೆ ಇದಕ್ಕಿಂತ ಒಳ್ಳೆಯ ಎಳೆ ಸಿಗುವುದಿಲ್ಲ.

ಊರು ಸೇರಿದ ಮೊದಲ ಸಂಜೆ

ಅಂಗಡಿಗೆ ಹೋಗಲಿ, ಹೋಟೆಲಿನ ಅಡುಗೆಮನೆಯ ಬಾಗಿಲಿಗೆ ಹೋಗಲಿ, ಬಸ್ಸು ಹತ್ತಲಿ, ಮೊದಲು ನಮಸ್ಕಾರ ಹೇಳಬೇಕು. ಬೆಳಿಗ್ಗೆ ‘ಗುಡ್ ಮಾರ್ನಿಂಗ್’, ಮಧ್ಯಾಹ್ನ ‘ಗುಡ್ ಆಫ್ಟರ್‌ನೂನ್’, ಕತ್ತಲಾದ ಮೇಲೆ ಎದುರಾದವರಿಗೆ ‘ಗುಡ್ ನೈಟ್’. ಇದು ಬೀಳ್ಕೊಡುವ ಮಾತಲ್ಲ, ಭೇಟಿಯಾದಾಗ ಹೇಳುವ ಮಾತು. ಏನೂ ಹೇಳದೆ ನೇರವಾಗಿ ಬೆಲೆ ಕೇಳಿದವರನ್ನು ಅವರು ಒರಟರೆಂದೇ ತಿಳಿಯುತ್ತಾರೆ.

ಅಂದೇ ಸಂಜೆ ಪರವಾನಗಿ ಮಾಡಿಸಿಕೊಳ್ಳಿ. 1997ರಿಂದ ಈ ತೀರ ಋತುವಿನಲ್ಲಿ ನಿರ್ಬಂಧಿತ ಪ್ರದೇಶ. ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ರಾತ್ರಿ ಮರಳಿಗೆ ಇಳಿಯುವಂತಿಲ್ಲ. ಊರಿನ ಮಾರ್ಗದರ್ಶಿಗಳ ಸಂಘದ ಕಚೇರಿಯಲ್ಲಿ ಅದು ಸಿಗುತ್ತದೆ, ಮಾರ್ಗದರ್ಶಿಯನ್ನೂ ಅಲ್ಲಿಯೇ ಗೊತ್ತುಮಾಡಬಹುದು. ಹೋಟೆಲು ಮರಳಿನ ಮೇಲೆಯೇ ಇದೆ, ನಮಗೇಕೆ ಪರವಾನಗಿ ಎಂದು ವಾದಿಸುವವರಿದ್ದಾರೆ. ಆ ವಾದ ನಡೆಯುವುದಿಲ್ಲ, ನಡೆಯಲೂ ಬಾರದು. ಆಮೆ ಹಿಡಿದು ಮಾಂಸ ತಿನ್ನುತ್ತಿದ್ದ ಕರಾವಳಿಯಲ್ಲಿ ಅದನ್ನು ಕಾಯುವುದೇ ದುಡಿಮೆಯಾದದ್ದು ಈ ಶುಲ್ಕದಿಂದ.

ಆಮೆಯ ರಾತ್ರಿ

ಎಂಟು ಗಂಟೆಯೊಳಗೆ ಊಟ ಮುಗಿಸಿ. ಕಡುಬಣ್ಣದ ತೋಳುದ್ದದ ಅಂಗಿ, ಒದ್ದೆಯಾದರೂ ಚಿಂತೆಯಿಲ್ಲದ ಚಪ್ಪಲಿ ಸಾಕು. ಬಿಳಿ ಟಾರ್ಚ್, ಕ್ಯಾಮೆರಾ ಫ್ಲ್ಯಾಶ್, ಮೊಬೈಲ್ ಪರದೆ ಎಲ್ಲವೂ ನಿಷಿದ್ಧ, ಮಾರ್ಗದರ್ಶಿಯ ಕೈಯಲ್ಲಿ ಕೆಂಪು ದೀಪವಿರುತ್ತದೆ. ಮಕ್ಕಳಿದ್ದರೆ ಹಗಲಲ್ಲಿ ಕಡ್ಡಾಯವಾಗಿ ಮಲಗಿಸಿ.

ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಅಲೆಯ ಅಂಚಿನಲ್ಲಿ ಬಂಡೆಯೊಂದು ಚಲಿಸಿದಂತೆ ತೋರುತ್ತದೆ. ಒಂದೂವರೆ ಮೀಟರ್ ಮೀರಿದ ಉದ್ದ, ಮುನ್ನೂರರಿಂದ ಐನೂರು ಕಿಲೋ ತೂಕ. ಬೆನ್ನ ಮೇಲೆ ಗಟ್ಟಿ ಚಿಪ್ಪಿಲ್ಲ, ಉದ್ದುದ್ದ ಏಣುಗಳಿರುವ ಕಪ್ಪು ತೊಗಲು. ಆಕೆ ಮೇಲೇರಿ ಬರುವಾಗ ಯಾರೂ ಅಲುಗಾಡಬಾರದು. ಆಗ ಬೆದರಿದರೆ ಮೊಟ್ಟೆಯಿಡದೆ ಹಿಂದಿರುಗುತ್ತಾಳೆ. ಮುಂಗಾಲುಗಳಿಂದ ಮರಳು ಎರಚಿ ಮೈಗೆ ಹಳ್ಳ ಮಾಡಿಕೊಳ್ಳುತ್ತಾಳೆ, ಬಳಿಕ ಹಿಂಗಾಲುಗಳು ಸೌಟಿನಂತೆ ಬಾಗಿ, ಒಂದಾದ ಮೇಲೊಂದು, ಮರಳನ್ನು ಮೊಗೆದು ಹೊರಗಿಡುತ್ತವೆ. ತಾನು ತೋಡುತ್ತಿರುವ ಕುಣಿಯನ್ನು ಆಕೆ ನೋಡುವುದೇ ಇಲ್ಲ. ಕಾಲು ತಳ ಮುಟ್ಟದಷ್ಟು ಆಳವಾದಾಗ ತೋಡುವುದನ್ನು ನಿಲ್ಲಿಸುತ್ತಾಳೆ.

ಮೊಟ್ಟೆ ಬೀಳಲು ಶುರುವಾದ ಮೇಲೆ ಹೊರಗಿನ ಪರಿವೆ ಆಕೆಗೆ ಬಹಳ ಕಡಿಮೆ. ಮಾರ್ಗದರ್ಶಿ ನಿಮ್ಮನ್ನು ಹತ್ತಿರ ಕರೆಯುವುದು ಆಗಲೇ, ಅದೂ ಹಿಂಬದಿಯಿಂದ. ಸುಮಾರು ಎಂಬತ್ತು ಮೊಟ್ಟೆ, ಅವುಗಳ ಜೊತೆ ಹಳದಿಯಿಲ್ಲದ ಸಣ್ಣ ಗೋಲಿಗಳಂಥವು ಒಂದಿಷ್ಟು. ಕಣ್ಣಿನಿಂದ ಇಳಿಯುವ ದಪ್ಪ ನೀರನ್ನು ಕಂಡು ಅಳುತ್ತಿದೆ ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಸಮುದ್ರದ ನೀರಿನಿಂದ ಮೈಸೇರಿದ ಉಪ್ಪನ್ನು ಹೊರಹಾಕುವ ಗ್ರಂಥಿಯ ಕೆಲಸ ಅದು. ಮುಚ್ಚಿ, ತುಳಿದು, ಸುತ್ತಲೂ ಮರಳು ಚೆಲ್ಲಾಡಿ ಗುರುತು ಅಳಿಸಿ ವಾಪಸ್ಸಾಗುವ ಹೊತ್ತಿಗೆ ಒಂದೂವರೆ ಎರಡು ಗಂಟೆ ಕಳೆದಿರುತ್ತದೆ. ಹತ್ತು ದಿನದ ಆಸುಪಾಸಿನಲ್ಲಿ ಮತ್ತೆ ಬರುತ್ತಾಳೆ. ಋತು ಮುಗಿದ ಮೇಲೆ ಅಂಬಲಿ ಮೀನು (ಜೆಲ್ಲಿಫಿಶ್) ತಿನ್ನಲು ಕೆನಡಾದ ತೀರದವರೆಗೆ ಈಜುವವರೂ ಇವರಲ್ಲಿದ್ದಾರೆ.

ನಮ್ಮ ಹೊನ್ನಾವರ, ಕುಂದಾಪುರದ ತೀರಗಳಿಗೆ ಬರುವ ಆಲಿವ್ ರಿಡ್ಲಿ ಆಮೆಗಳು ಇದರ ಮುಂದೆ ಮಕ್ಕಳು. ಭಾರತದಲ್ಲಿ ಲೆದರ್‌ಬ್ಯಾಕ್ ಮೊಟ್ಟೆಯಿಡುವುದನ್ನು ನೋಡಬೇಕಾದರೆ ಅಂಡಮಾನ್ ನಿಕೋಬಾರ್‌ಗೇ ಹೋಗಬೇಕು.

ಸಂತೋಷದ ದೃಶ್ಯಗಳೇ ಇರುತ್ತವೆಂದು ತಿಳಿಯಬೇಡಿ. ಜಾಗ ಸಾಲದೆ ಒಂದು ಆಮೆ ಇನ್ನೊಂದರ ಗೂಡನ್ನೇ ಅಗೆದು ಹಾಕುತ್ತದೆ. ಬೆಳಿಗ್ಗೆ ಒಡೆದ ಮೊಟ್ಟೆಯ ವಾಸನೆ, ಅದಕ್ಕೆ ಮುತ್ತುವ ಕಪ್ಪು ರಣಹದ್ದುಗಳು, ನಾಯಿಗಳು. ಊರಿನ ನದಿ ಸಮುದ್ರ ಸೇರುವ ಜಾಗವೂ ಆಗಾಗ ಸರಿದು ಗೂಡುಗಳನ್ನು ಕೊಚ್ಚಿಕೊಂಡು ಹೋಗುತ್ತದೆ. 2012ರ ಜುಲೈನಲ್ಲಿ ನದಿಯ ಪಾತ್ರ ತಿರುಗಿಸಲು ಯಂತ್ರಗಳನ್ನು ಇಳಿಸಿದಾಗ ಸಾವಿರಾರು ಮೊಟ್ಟೆ, ಮರಿಗಳು ನಾಶವಾಗಿ ಜಗತ್ತಿನಾದ್ಯಂತ ಸುದ್ದಿಯಾಗಿತ್ತು.

ಮೊದಲ ರಾತ್ರಿ ಕಾಣದಿದ್ದರೆ ನಸುಕಿನ ಐದೂವರೆಗೆ ಎದ್ದು ನೋಡಿ. ಋತುವಿನ ಉತ್ತುಂಗದಲ್ಲಿ ತಡವಾಗಿ ಬಂದ ಒಂದೆರಡು ಆಮೆಗಳು ಬೆಳಕು ಹರಿದ ಮೇಲೂ ಮರಳಿನ ಮೇಲಿರುತ್ತವೆ. ಫ್ಲ್ಯಾಶ್ ಬೇಕಿಲ್ಲದ ಈ ಹೊತ್ತೇ ಚಿತ್ರ ತೆಗೆಯಲು ಸರಿ. ಮರಿಗಳು ಹೆಚ್ಚಾಗಿ ಹೊರಡುವುದು ಮುಸ್ಸಂಜೆಯಲ್ಲಿ. ದಾರಿ ತಪ್ಪಿದ ಮರಿಯನ್ನು ಎತ್ತಿ ನೀರಿಗೆ ಬಿಡುವ ಆಸೆ ಯಾರಿಗೂ ಆಗುತ್ತದೆ. ಮುಟ್ಟಬೇಡಿ, ಮಾರ್ಗದರ್ಶಿಗೆ ಹೇಳಿ.

ಹಗಲಿನ ಕೆಲಸ

ಹಗಲು ಮಲಗುವುದೇ ಮುಖ್ಯ ಕೆಲಸ. ಒಂದು ಬೆಳಿಗ್ಗೆಯನ್ನು ಮಾತ್ರ ಪಾವಿ ಹಕ್ಕಿಗೆ ಮೀಸಲಿಡಿ. ಟ್ರಿನಿಡಾಡ್ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ, ಅಳಿವಿನಂಚಿನಲ್ಲಿರುವ ದೊಡ್ಡ ಹಕ್ಕಿ ಅದು. ಮೈ ಕಪ್ಪು, ರೆಕ್ಕೆಯಲ್ಲಿ ಬಿಳಿ ಪಟ್ಟೆ, ಗಂಟಲಲ್ಲಿ ನೀಲಿ ಜೋಲು ಚರ್ಮ. ಊರ ಮೇಲಿನ ಗುಡ್ಡದಲ್ಲಿ ಹಣ್ಣಿನ ಮರಗಳಿಗೆ ನಸುಕಿನಲ್ಲೇ ಬಂದುಹೋಗುತ್ತದೆ, ಬಿಸಿಲೇರಿದ ಮೇಲೆ ಹೋದರೆ ಬರೀ ಬೆವರು.

ಈಜಿನ ವಿಷಯದಲ್ಲಿ ಧೈರ್ಯ ತೋರಿಸಬೇಡಿ. ದಡದಿಂದ ಹಿಂದಕ್ಕೆ ಎಳೆಯುವ ಸೆಳೆತ ಬಲವಾಗಿದೆ. ಸ್ನಾನಕ್ಕೆ ನದಿಯೇ ಲೇಸು, ನೀರು ತಿಳಿ, ತಂಪು. ಸಂಜೆ ಕಚ್ಚುವ ಮರಳುನೊಣಗಳು ಸೊಳ್ಳೆಗಿಂತ ಕಾಡುತ್ತವೆ. ಕಾಲಿಗೆ ಮುಲಾಮು ಹಚ್ಚಿಕೊಂಡೇ ಹೊರಗೆ ಕೂರಬೇಕು.

ಊಟ: ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ

1845ರ ಮೇ 30ರಂದು ಫತೆಲ್ ರಜಾಕ್ ಎಂಬ ಹಡಗು ಭಾರತೀಯ ಕೂಲಿಗಳ ಮೊದಲ ತಂಡವನ್ನು ಟ್ರಿನಿಡಾಡ್‌ಗೆ ತಂದಿಳಿಸಿತು. 1917ರವರೆಗೆ ಹೀಗೆ ಬಂದವರು ಒಂದು ಲಕ್ಷಕ್ಕೂ ಹೆಚ್ಚು. ಬಹುಪಾಲು ಭೋಜಪುರಿ ಸೀಮೆಯವರು, ಮದ್ರಾಸಿನಿಂದ ಹಡಗು ಹತ್ತಿದವರೂ ಇದ್ದರು. ಅವರ ಅಡುಗೆ ಇಂದು ಇಡೀ ದೇಶದ ಅಡುಗೆ. ಬರಾ ಎಂಬ ಎರಡು ಮೆತ್ತನೆಯ ಕರಿದ ರೊಟ್ಟಿಗಳ ಮೇಲೆ ಕಾಬೂಲಿ ಕಡಲೆಯ ಗೊಜ್ಜು ಸುರಿದು ಕೊಡುವ ಡಬಲ್ಸ್, ಒಳಗೆ ಬೇಳೆಪುಡಿ ತುಂಬಿದ ದಾಲ್‌ಪುರಿ, ಸಾದಾ ರೊಟ್ಟಿಗೆ ಸುಟ್ಟ ಬದನೆಕಾಯಿ ಅಥವಾ ಟೊಮೆಟೊ ಚೋಖಾ ಎಲ್ಲವೂ ಬೆಳಗಿನ ಹೊತ್ತು ರಸ್ತೆ ಬದಿಯಲ್ಲಿ ಸಿಗುತ್ತವೆ. ಖಾರ ಎಷ್ಟು ಎಂದು ಕೇಳಿದಾಗ ‘ಸ್ಲೈಟ್’ ಎನ್ನಿ. ಆಂಧ್ರದ ಉಪ್ಪಿನಕಾಯಿ ತಿಂದು ಪಳಗಿದವರೂ ಮೊದಲ ಸಲ ಹಾಗೆಯೇ ಹೇಳಿದರೆ ಕ್ಷೇಮ.

ಆದರೆ ಇದೆಲ್ಲ ಸಾಂಗ್ರೆ ಗ್ರಾಂಡೆಯವರೆಗಿನ ಮಾತು. ಗ್ರಾಂಡ್ ರಿವಿಯೇರ್ ಆಫ್ರಿಕನ್, ಕ್ರಿಯೋಲ್ ಮೂಲದವರೇ ಹೆಚ್ಚಿರುವ ಮೀನುಗಾರರ, ಕೋಕೋ ತೋಟಗಳ ಊರು. ಹೋಟೆಲಿನ ರಾತ್ರಿಯ ಊಟ ಸಾಮಾನ್ಯವಾಗಿ ಮೀನು. ಸಸ್ಯಾಹಾರ ಬೇಕಾದರೆ ಕೋಣೆ ಕಾಯ್ದಿರಿಸುವಾಗಲೇ ಹೇಳಿ, ತಲುಪಿದ ಮೇಲೆ ಅಡುಗೆಯವರಿಗೆ ಇನ್ನೊಮ್ಮೆ ಹೇಳಿ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಮೀನು ಬಂದೀತು. ಮೀನು, ಏಡಿ, ಕೋಳಿ, ಹಂದಿ ಬೇಡವೆಂದು ಹೆಸರು ಹಿಡಿದೇ ಹೇಳಬೇಕು. ಏಕೆಂದರೆ ಕೆಸುವಿನ ಎಲೆ, ಬೆಂಡೆಕಾಯಿ, ತೆಂಗಿನ ಹಾಲು ಹಾಕಿ ಮಾಡುವ ಕಲಾಲೂ ನೋಡಲು ಶುದ್ಧ ಸೊಪ್ಪಿನ ಸಾರು, ಆದರೂ ಅದರಲ್ಲಿ ಏಡಿ ಅಥವಾ ಹಂದಿಬಾಲ ಬೇಯುತ್ತಿರಬಹುದು. ಅವಿಲ್ಲದೆ ಮಾಡಿಸಿಕೊಂಡರೆ ಪತ್ರೊಡೆ ತಿಂದು ಬೆಳೆದವರಿಗೆ ಬಲು ರುಚಿ. ಜೀಗುಜ್ಜೆ, ಮರಗೆಣಸು, ಕೆಸುವಿನ ಗೆಡ್ಡೆ, ಬಾಳೆಕಾಯಿ ಬೇಯಿಸಿ ಕೊಡಲು ಯಾವ ಅಡುಗೆಮನೆಯೂ ಹಿಂಜರಿಯದು. ಕರಾವಳಿಯವರು ಹಿಂದಿನ ದಿನವೇ ಹೇಳಿ ಮಾಡಿಸಿಕೊಳ್ಳಬಹುದು. ಒಂದು ಸಣ್ಣ ಉಪ್ಪಿನಕಾಯಿ ಡಬ್ಬಿ ಜೊತೆಗಿದ್ದರೆ ಇನ್ನೂ ಸೊಗಸು. ಅಡುಗೆಯವರೂ ಕೈಯೊಡ್ಡಿ ರುಚಿ ನೋಡುತ್ತಾರೆ.

ಹೊರಡುವ ದಿನ

ಹೋಟೆಲಿನ ಲೆಕ್ಕವನ್ನು ಹಿಂದಿನ ರಾತ್ರಿಯೇ ಮುಗಿಸಿ, ಬೆಳಿಗ್ಗೆ ಮಾಲೀಕರು ತೋಟದಲ್ಲೋ ದೋಣಿಯಲ್ಲೋ ಇರಬಹುದು. ಮಾರ್ಗದರ್ಶಿಗೆ ಕೊಡುವ ಭಕ್ಷೀಸನ್ನು ಅವರ ಕೈಗೇ ಕೊಡಿ. ಮಧ್ಯಾಹ್ನದ ನಂತರದ ವಿಮಾನವಾದರೆ ಬೆಳಿಗ್ಗೆ ಎಂಟರೊಳಗೆ ಹೊರಡಬೇಕು, ಬೆಳಗಿನ ವಿಮಾನವಾದರೆ ಹಿಂದಿನ ದಿನವೇ ಪಿಯಾರ್ಕೊ ಹತ್ತಿರ ಬಂದು ಮಲಗಬೇಕು. ಆಮೆಯ ಚಿಪ್ಪು, ಮೊಟ್ಟೆಯ ಸಿಪ್ಪೆ, ಮೂಳೆ ಏನನ್ನೂ ನೆನಪಿಗೆಂದು ತರಬೇಡಿ. 2014ರಿಂದ ಅಲ್ಲಿ ಕಡಲಾಮೆಗಳು ಕಾನೂನಿನ ವಿಶೇಷ ರಕ್ಷಣೆಯಲ್ಲಿವೆ, ಕಸ್ಟಮ್ಸ್‌ನವರು ಬಿಡುವುದಿಲ್ಲ. ಊರಿನ ಕೋಕೋ ಉಂಡೆ ತನ್ನಿ, ಬಿಸಿ ಹಾಲಿಗೆ ಚಕ್ಕೆ, ಜಾಯಿಕಾಯಿಯೊಂದಿಗೆ ತುರಿದು ಹಾಕಿದರೆ ಸೊಗಸಾದ ಪಾನೀಯ. ಉಳಿದ ಟ್ರಿನಿಡಾಡ್ ಡಾಲರನ್ನು ವಿಮಾನ ನಿಲ್ದಾಣದಲ್ಲೇ ಖರ್ಚು ಮಾಡಿ, ಬೆಂಗಳೂರಿನಲ್ಲಿ ಅದನ್ನು ಬದಲಿಸಿಕೊಡುವವರನ್ನು ಹುಡುಕುವುದು ಕಷ್ಟ. ಹಳದಿ ಜ್ವರದ ಪ್ರಮಾಣಪತ್ರವನ್ನು ಪೆಟ್ಟಿಗೆಯಲ್ಲಿ ಹಾಕಿ ಚೆಕ್‌ಇನ್ ಮಾಡಿಬಿಡಬೇಡಿ, ಪಾಸ್‌ಪೋರ್ಟಿನ ಒಳಗೇ ಇರಲಿ.